ಬೇವಿನೆಣ್ಣೆಯ ಕೀರ್ತಿ

ಅಮೆರಿಕದ ಶೋರ್‌ಲೈನಿನಲ್ಲಿದ್ದ ನಂದಿತಾಳ ಮನೆಯಲ್ಲಿ ಆ ಚಳಿಗಾಲ ಸಂವಿಧಾನ ತಿದ್ದುಪಡಿಗೆ ಸಮನಾದ ಒಂದು ನಿರ್ಣಯ ಜಾರಿಗೆ ಬಂತು: ಬಚ್ಚಲಿಗೆ ಕಡಲೆಹಿಟ್ಟು ಬರಬಹುದು, ಸೋಪು ಬರಕೂಡದು. ಮಂಡಿಸಿದವರು, ಅನುಮೋದಿಸಿದವರು, ಜಾರಿಗೊಳಿಸಿದವರು ಎಲ್ಲ ಒಬ್ಬರೇ. ಮಗಳ ಮನೆಗೆಂದು ಮಳವಳ್ಳಿಯಿಂದ ಬಂದಿದ್ದ ಲಕ್ಷ್ಮಮ್ಮ.

ಕಾರಣ, ಮೊಮ್ಮಗಳು ಮೇಘನಾಳ ತುರಿಕೆ. ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಚರ್ಮ ಕಪ್ಪಾಗಿ, ದಪ್ಪಗೆ, ಒರಟಾಗಿ ನಿಂತಿತ್ತು. ಲಕ್ಷ್ಮಮ್ಮ ನೋಡಿದ ತಕ್ಷಣ ಹುಳುಕಡ್ಡಿ ಎಂದರು. ಡಾಕ್ಟರು ಎಕ್ಸಿಮಾ ಎಂದರು. ಅಂಟುರೋಗವಲ್ಲ, ಚರ್ಮ ತೇವ ಹಿಡಿದಿಟ್ಟುಕೊಳ್ಳದ ತೊಂದರೆ. ಚಿತ್ರಗಳಲ್ಲಿ ಕೆಂಪಗೆ ಕಾಣುವುದು ನಮ್ಮ ಮೈಬಣ್ಣದಲ್ಲಿ ಕಪ್ಪು ಬೂದಾಗಿ ಕಾಣುತ್ತದೆ. ಸ್ನಾನವಾದ ಕೂಡಲೇ ಮೈಗೆಲ್ಲ ವಾಸನೆಯಿಲ್ಲದ ಜಿಡ್ಡಿನ ಕ್ರೀಮು, ಕಲೆಗಳ ಮೇಲೆ ಸ್ವಲ್ಪ ದಿನ ಸ್ಟೀರಾಯ್ಡ್ ಆಯಿಂಟ್‌ಮೆಂಟು. ಸೋಪಿನ ವಿಷಯದಲ್ಲಿ ಮಾತ್ರ ಡಾಕ್ಟರೂ ಅಜ್ಜಿಯ ಪಕ್ಷ.

“ಸ್ಟೀರಾಯ್ಡಾ? ಪೈಲ್ವಾನ್ರು ತಗಳೋದ್ನ ಮಗೀಗೆ ಬಳೀತಿಯಾ?” ಎಂದು ಲಕ್ಷ್ಮಮ್ಮ ಅರಿಸಿನ ಹಾಕಿ ಬೇವಿನೆಣ್ಣೆ ಕಾಯಿಸಲು ಕೂತರು.

“ಆಯ್ತಮ್ಮ, ಆ ಆಯಿಂಟ್‌ಮೆಂಟ್ ಬೇಡ ಬಿಡು,” ಎಂದಳು ನಂದಿತಾ.

ಆದರೆ ಅವಳು ಬಿಡಲಿಲ್ಲ. ಬೆಳಿಗ್ಗೆ ಅಜ್ಜಿ ಎಣ್ಣೆ ಹಚ್ಚಿ ಕಳಿಸುವುದು, ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಅಮ್ಮ ಅದನ್ನು ಒರೆಸಿ ಡಾಕ್ಟರ ಆಯಿಂಟ್‌ಮೆಂಟು ಹಚ್ಚುವುದು. ಮೇಘನಾಗೆ ಹೇಳಿಕೊಟ್ಟಿದ್ದು ಇಷ್ಟೇ: ಇದು ಸರ್‌ಪ್ರೈಸ್, ಅಜ್ಜಿಗೆ ಹೇಳಬಾರದು.

ಚರ್ಮ ತಿಳಿಯಾಯಿತು. ಅಮೆರಿಕದಲ್ಲಿ ಅಲ್ಲಿಯತನಕ ಪಾತ್ರೆ ತೊಳೆಯುವ ಮೆಷೀನಿಗಿಂತ ಒಂದು ಮೆಟ್ಟಿಲು ಮೇಲಿದ್ದ ಲಕ್ಷ್ಮಮ್ಮ ಏಕಾಏಕಿ ವೈದ್ಯರಾದರು. ಪಕ್ಕದ ಊರು ಬಾಥೆಲ್‌ನಿಂದಲೂ ಜನ ಎಣ್ಣೆಗೆಂದು ಡಬ್ಬಿ ಹಿಡಿದು ಬಂದರು. ಲಕ್ಷ್ಮಮ್ಮ ಸೀರೆಗೆ ಇಸ್ತ್ರಿ ಮಾಡಿಸಿ ಉಡತೊಡಗಿದರು.

ಕ್ಯಾನ್ಯನ್ ಪಾರ್ಕಿನ ಆಫೀಸಿನಲ್ಲಿ ನಂದಿತಾಳ ಪಕ್ಕದ ಸೀಟು ತಾಹೆರಾಳದು, ಮೈಸೂರಿನವಳು. ಅವಳ ಮಗ ಮೊಹ್ಸಿನ್‌ಗೂ ಇದೇ ತುರಿಕೆ. “ಆಂಟಿ, ನಂಗೂ ಒಂದ್ ಬಾಟ್ಲಿ ಕೊಡಿ. ಆ ಆಯಿಂಟ್‌ಮೆಂಟ್ ಹಚ್ಚೋಕೆ ನಂಗೂ ಭಯಾನೇ,” ಎಂದು ಒಂದು ಭಾನುವಾರ ಬಂದಳು.

ನಂದಿತಾ ಕಾಫಿ ಸೋಸುತ್ತಿದ್ದಳು. ಅಮ್ಮನ ಅರಳಿದ ಮುಖ ನೋಡಿದಳು. ಸೋಸುವುದನ್ನು ಮುಂದುವರಿಸಿದಳು.

ಕೆಲವು ವಾರಗಳ ನಂತರ ತಾಹೆರಾ ಮಗನನ್ನು ಎತ್ತಿಕೊಂಡೇ ಬಂದಳು. ಮೊಣಕೈಯಲ್ಲಿ ನೀರು ಸೋರಿ, ಜೇನಿನ ಬಣ್ಣದ ಹಕ್ಕಳೆ ಕಟ್ಟಿತ್ತು. ಮೈ ಸುಡುತ್ತಿತ್ತು.

“ಇದು ಇನ್ಫೆಕ್ಷನ್, ತಾಹೆರಾ. ಇವತ್ತೇ ಡಾಕ್ಟ್ರಿಗೆ ತೋರ್ಸು. ಅವ್ರು ಓಕೆ ಅಂದ್ರೆ ಆಯಿಂಟ್‌ಮೆಂಟೂ ಶುರು ಮಾಡು, ಮೇಘನಾಗೆ ಕಡಿಮೆ ಆಗಿದ್ದೇ ಅದ್ರಿಂದ,” ಎಂದುಬಿಟ್ಟಳು ನಂದಿತಾ.

ಲಕ್ಷ್ಮಮ್ಮ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. “ಯಾವುದ್ರಿಂದ?”

“ಅಮ್ಮಾ... ಕಾರಲ್ಲಿ ಹಚ್ತಿದ್ದೆ. ನಿಂಗೆ ಬೇಜಾರಾಗುತ್ತೆ ಅಂತ...”

“ಬೇಜಾರಾದ್ರೆ ಎರಡು ದಿನ ಬೈಕಂಡು ಸುಮ್ನಾಗ್ತಿದ್ದೆ ಕಣವ್ವ. ಮನೇಗೆ ಬಂದೋರ್ಗೆಲ್ಲ ನನ್ ಕೈಯಾರೆ ತುಂಬಿ ತುಂಬಿ ಕೊಟ್ನಲ್ಲ, ಆಗಾದ್ರೂ ಬಾಯಿ ಬಿಡಬಾರ್ದಾ? ಆ ಕೂಸ್ಗೂ ಸುಳ್ಳು ಕಲಿಸ್ದೆ. ಮೂರು ಜನರ ಮನೇಲಿ ದಡ್ಡಿ ನಾನೊಬ್ಳೇ.”

ತಾಹೆರಾ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು. “ಆಂಟಿಗೆ ಗೊತ್ತಿರ್ಲಿಲ್ಲ ನಂದಿತಾ. ನಿಂಗೆ ಗೊತ್ತಿತ್ತು. ಬಾಟ್ಲಿ ಚೆಲ್ಲುತ್ತೆ ಅಂತ ಕವರ್ ಹುಡುಕಿ ಕೊಟ್ಟವಳು ನೀನೇ ಅಲ್ವಾ?”

ನಂದಿತಾ ಕಾರಿನ ಕೀ ತೆಗೆದುಕೊಂಡು “ನಾನೇ ಡ್ರೈವ್ ಮಾಡ್ತೀನಿ ಬಾ,” ಎಂದಳು.

“ಬೇಡ. ನಿನ್ ಕಾರು ಬೇಡ,” ಎಂದು ತಾಹೆರಾ ಹೊರಟಳು.

ಮೊಹ್ಸಿನ್‌ನ ಸೋಂಕು ಆಂಟಿಬಯಾಟಿಕ್‌ನಿಂದ ವಾಸಿಯಾಯಿತು, ಎಕ್ಸಿಮಾ ತಾಹೆರಾ ಹಚ್ಚಲು ಹೆದರಿದ್ದ ಆಯಿಂಟ್‌ಮೆಂಟಿನಿಂದ ಹತೋಟಿಗೆ ಬಂತು. ತಾಹೆರಾ ಆಫೀಸಿನಲ್ಲಿ ಬೇರೆ ಸೀಟು ಕೇಳಿ ಪಡೆದಳು. ಲಕ್ಷ್ಮಮ್ಮ ವೀಸಾ ಮುಗಿಯುವ ಮೊದಲೇ ಮಳವಳ್ಳಿಗೆ ಹಿಂತಿರುಗಿದರು.