ನಾಲ್ಕನೇ ಆಕ್ಷೇಪಣೆ

ನಮ್ಮ ಮನೆಯಲ್ಲಿ ಅಪ್ಪ ಮಗಳು ಮಾತು ಬಿಟ್ಟಿದ್ದರು. ಆದರೂ ದಿನವಿಡೀ ಜಗಳವಾಡುತ್ತಿದ್ದರು. ಹೇಗೆ ಅಂದರೆ, ಕಂಪ್ಯೂಟರಿನಲ್ಲಿ.

ಮನೆಯ ಕೆಳಗಡೆ ನಮ್ಮದೊಂದು ಪುಟ್ಟ ಕಾರ್ಖಾನೆಯಿದೆ. ಕಿವಿಗೆ ಹಾಕುವ ಔಷಧಿ ತಯಾರಿಸುತ್ತೇವೆ. ಅದರ ಲೈಸೆನ್ಸ್ ನವೀಕರಣಕ್ಕೆ ಔಷಧ ಇಲಾಖೆಯ ಪೋರ್ಟಲ್‌ನಲ್ಲಿ ಕಡತಗಳನ್ನು ಸಲ್ಲಿಸಬೇಕಿತ್ತು. ‘ತಯಾರಿಕೆಯ ಹೊಣೆಗಾರರು’ ಎಂಬ ಕಡೆ ನಮ್ಮ ಯಜಮಾನರು ಎಂದಿನಂತೆ ತಮ್ಮ ಹೆಸರು ಹಾಕಿಕೊಂಡರು. ಮಗಳು ರಸಾಯನಶಾಸ್ತ್ರ ಓದಿದವಳು, ಔಷಧಿಯನ್ನು ಪರೀಕ್ಷೆ ಮಾಡಿ ಹೊರಗೆ ಬಿಡುವವಳು. ತನ್ನ ಹೆಸರು ಹಾಕಿ ಅಂದಳು. ಇವರು ಸುತಾರಾಂ ಒಪ್ಪಲಿಲ್ಲ. ಕಾರಣ ಕೇಳಿದರೆ ಗೋಡೆ ಗಡಿಯಾರ ನೋಡಿದರು. ಅಲ್ಲಿಗೆ ಮಾತು ನಿಂತಿತು.

ಆಮೇಲೆ ಏನಿದ್ದರೂ ಕಡತದ ಪಕ್ಕದಲ್ಲಿ ಕಾಮೆಂಟ್. ‘ಇಲ್ಲಿ ಉಷ್ಣಾಂಶ ತಪ್ಪಾಗಿದೆ.’ ‘ಕಣ್ಣು ಬಿಟ್ಟು ನೋಡಿದರೆ ಸರಿಯಾಗೇ ಇದೆ.’ ಒಂದೇ ಮೇಜಿನ ಆ ಕಡೆ ಈ ಕಡೆ ಕೂತು ಟಕಟಕ ಕುಟ್ಟುತ್ತಿದ್ದರು. ಊಟಕ್ಕೆ ಕರೆಯಲು ನಾನೂ ಒಂದು ಕಾಮೆಂಟ್ ಹಾಕಬೇಕಾಯಿತು.

ಕಡತಗಳನ್ನು ಜೋಡಿಸಿ, ಯಜಮಾನರ ಡಿಜಿಟಲ್ ಸಹಿ ಹಾಕಿಸಿ ಕಳಿಸುವ ಕೆಲಸ ನನ್ನದು. ಇವರಿಬ್ಬರ ಕಿತ್ತಾಟ ಓದಿ ಓದಿ ತಲೆ ಚಿಟ್ಟು ಹಿಡಿದಿತ್ತು. ಒಂದು ಬಟನ್ ಒತ್ತಿ ಕಾಮೆಂಟುಗಳನ್ನೆಲ್ಲ ಮರೆಮಾಡಿದೆ. ಪುಟಗಳು ತೊಳೆದಿಟ್ಟ ತಟ್ಟೆಯಂತೆ ಕಂಡವು. ಖುಷಿಯಿಂದ ಕಳಿಸಿಬಿಟ್ಟೆ. ಮರೆಮಾಡುವುದು ಬೇರೆ, ಅಳಿಸುವುದು ಬೇರೆ ಎಂಬುದು ನನಗೆ ಆಗ ಹೊಳೆಯಲೇ ಇಲ್ಲ.

ಸ್ವಲ್ಪ ದಿನಕ್ಕೆ ಇಲಾಖೆಯಿಂದ ಉತ್ತರ ಬಂತು, ನಾಲ್ಕು ಆಕ್ಷೇಪಣೆಗಳೊಂದಿಗೆ. ಇವರಿಗೆ ಕನ್ನಡಕ ಸಿಗದ್ದರಿಂದ ನಾನೇ ಗಟ್ಟಿಯಾಗಿ ಓದಿದೆ. ಮೊದಲ ಮೂರು ಮಾಮೂಲಿ. ನಾಲ್ಕನೆಯದು ಹೀಗಿತ್ತು:

‘ಹೊಣೆಗಾರರ ಪುಟದಲ್ಲಿ “ನನ್ನ ಹೆಸರು ಯಾಕೆ ಬೇಡ, ಅಪ್ಪಾ?” ಎಂಬ ಟಿಪ್ಪಣಿ ಇದೆ. ಇದಕ್ಕೆ ಉತ್ತರ ಕಂಡುಬಂದಿಲ್ಲ. ವಿವರಣೆ ಸಲ್ಲಿಸತಕ್ಕದ್ದು.’

ಮುಖ ಎಲ್ಲಿಟ್ಟುಕೊಳ್ಳಲಿ ಅನ್ನಿಸಿತು ನನಗೆ. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗು ತಡೆದಳು. ಯಜಮಾನರು ಮಾತ್ರ ಗಂಭೀರವಾದರು. ಸರಕಾರ ಕೇಳಿದ ಪ್ರಶ್ನೆಯನ್ನು ಅವರು ಎಂದೂ ಉತ್ತರಿಸದೆ ಬಿಟ್ಟವರಲ್ಲ. ಹೆಂಡತಿ ಮಕ್ಕಳು ಕೇಳಿದ್ದಾದರೆ ಬೇರೆ ವಿಷಯ.

“ಬರ್ಕೋ,” ಅಂದರು ನನಗೆ. “ಔಷಧಿಯಲ್ಲಿ ಏನಾದ್ರೂ ಹೆಚ್ಚುಕಡಿಮೆ ಆದ್ರೆ, ಪೊಲೀಸರು ಬಂದು ಬಾಗಿಲಲ್ಲಿ ಕೂಗೋದು ಆ ಪುಟದಲ್ಲಿರೋ ಹೆಸರನ್ನ. ನನ್ನ ಮಗಳ ಹೆಸರನ್ನ ಯಾರೂ ಹಾಗೆ ಕೂಗೋದು ಬೇಡ.”

ನಾನು ಬರೆಯಲಿಲ್ಲ. ಪಾಪ ಅನ್ನಿಸಿತು, ಜೊತೆಗೆ ಸಿಟ್ಟೂ ಬಂತು. ಇಷ್ಟು ಹೇಳಲು ಈ ಮನುಷ್ಯನನ್ನು ಸರಕಾರವೇ ಕೇಳಬೇಕಾಯಿತಲ್ಲ.

ಮಗಳ ನಗು ನಿಂತಿತ್ತು. “ಪರೀಕ್ಷೆ ಮಾಡೋಳು ನಾನು. ತಪ್ಪಾದ್ರೆ ಅದು ನಂದೇ ತಪ್ಪು. ನಿಮ್ಮನ್ನ ಕರ್ಕೊಂಡು ಹೋಗ್ತಿದ್ರೆ ನಾನು ಬಾಗಿಲಲ್ಲಿ ನಿಂತು ನೋಡ್ಬೇಕಾ, ಅಪ್ಪಾ?”

ಅವರು ಗಡಿಯಾರದ ಕಡೆ ತಿರುಗಿದರು. ಮತ್ತೆ ಮಗಳನ್ನೇ ನೋಡಿದರು. ಆಮೇಲೆ ಕನ್ನಡಕ ಹುಡುಕಿ ಹಾಕಿಕೊಂಡು, ಕುರ್ಚಿ ಎಳೆದುಕೊಂಡು ತಾವೇ ಕುಟ್ಟಿದರು: ‘ನಾಲ್ಕನೇ ಆಕ್ಷೇಪಣೆ: ಅರ್ಜಿದಾರರ ಬಳಿ ಸರಿಯಾದ ಉತ್ತರ ಇಲ್ಲ. ಹೆಸರು ಬದಲಿಸಿದ ಪುಟ ಲಗತ್ತಿಸಿದೆ.’

ಹೊಸ ಕಡತ ಕಳಿಸುವ ಮುಂಚೆ, ಈ ಸಲ ಮರೆಯದೆ, ಕಾಮೆಂಟುಗಳನ್ನು ಅಳಿಸಲು ಹೊರಟೆ. ಒಂದೂ ಇರಲಿಲ್ಲ. ಉಷ್ಣಾಂಶ ತಪ್ಪೋ ಸರಿಯೋ ಎಂದು ಅಪ್ಪ ಮಗಳು ನನ್ನ ಬೆನ್ನ ಹಿಂದೆಯೇ, ಬೀದಿಗೆ ಕೇಳುವಷ್ಟು ಜೋರಾಗಿ, ಬಾಯಲ್ಲೇ ಜಗಳವಾಡುತ್ತಿದ್ದರು.