ತೊಂಬತ್ತು ಕಬ್ಬಿಣದ ಮಾತ್ರೆ

ಏಳು ದಿನದ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ಎದ್ದು ಅನ್ನಕ್ಕಿಟ್ಟೆ. ಎಂದಿನಂತೆ ಮೂರು ಜನಕ್ಕೆ ಅಕ್ಕಿ ಅಳೆದಿದ್ದೆ. ಅತ್ತೆ ಇನ್ನೂ ಇದ್ದರು, ಹಾಗಾಗಿ ಅಳತೆ ತಪ್ಪಿರಲಿಲ್ಲ. ನೆರೆಯವರ ಚಾಪೆ, ಲೋಟಗಳೆಲ್ಲ ಹಿಂದಿನ ದಿನವೇ ಅವರವರ ಮನೆ ಸೇರಿದ್ದವು.

ಲಾರಸ್ ತಟ್ಟೆ ಹಿಡಿದು ಮನೆಯೆಲ್ಲ ಸುತ್ತುತ್ತಿದ್ದಳು. ಒಂದು ತುತ್ತು ಅಡುಗೆಮನೆಯಲ್ಲಿ, ಒಂದು ಬಾಗಿಲಲ್ಲಿ, ಇನ್ನೊಂದು ಕೋಳಿಗೆ. ಅವಳಿಗೆ ಏಳು ವರ್ಷ. ಕ್ಲಾಸಿನಲ್ಲಿ ಕೂರಿಸಲಾಗುತ್ತಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಎರಡು ತಿಂಗಳ ಹಿಂದೆ ಟೀಚರು ಹೇಳಿದ್ದರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆಗ ಪರೀಕ್ಷೆಯ ಸಮಯ. ಗಂಡ ತರ್ಯೊನೊ ಒಬ್ಬನೇ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಗಮನ ನಿಲ್ಲದ ತೊಂದರೆಯಂತೆ, ತಿಂಗಳಿಗೊಮ್ಮೆ ಬರಬೇಕಂತೆ. ಇಷ್ಟೇ ಹೇಳಿದ.

ಅವತ್ತಿನಿಂದ ಅವನು ಚಹಾ ಬಿಟ್ಟ. ಕಡು ಚಹಾಕ್ಕೆ ಹೆಸರಾದ ತೆಗಾಲ್ ಊರಿನವನು, ಚಹಾ ಪೊಟ್ಟಣದ ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಎದೆಯುರಿ ಇರಬೇಕು ಅಂದುಕೊಂಡೆ. ಕೇಳಲಿಲ್ಲ. ಹೋದ ವಾರ ಹೆದ್ದಾರಿಯಲ್ಲಿ ಅವನ ಬೈಕಿಗೆ ಲಾರಿ ಬಡಿಯಿತು, ಅಲ್ಲೇ ತೀರಿಕೊಂಡ.

"ಮಧ್ಯಾಹ್ನದ ಬಸ್ಸಿಗೆ ಹೊರಡ್ತೀನಿ ನ್ದುಕ್," ಅಂದರು ಅತ್ತೆ. ಸಿಟ್ಟಿದ್ದಾಗಲೂ ಅವರು ನನ್ನನ್ನು ನ್ದುಕ್, ಮಗಳೇ, ಎಂದೇ ಕರೆಯುವುದು; ನಾನು ಅವರನ್ನು ಮಾಕ್, ಅಮ್ಮ, ಎಂದು. "ಮಗೂನೂ ಕರ್ಕೊಂಡು ಹೋಗ್ತೀನಿ. ಬಟ್ಟೆ ಗಂಟು ಕಟ್ಟಿ ಆಯ್ತು."

"ಎಷ್ಟು ದಿನಕ್ಕೆ, ಮಾಕ್?"

"ದಿನದ ಮಾತೆಲ್ಲಿ ಬಂತು? ನೀನು ಶಾಲೆಗೆ ಹೋದ್ರೆ ಇವಳನ್ನ ಹಿಡಿಯೋರ್ಯಾರು? ನನ್ನ ಹತ್ರ ಇರ್ಲಿ. ತಿನ್ನೋದನ್ನ ತಿನ್ನಿಸಿ ಸರಿ ಮಾಡ್ತೀನಿ. ಇದು ಹೊಟ್ಟೇಲಿದ್ದಾಗ್ಲೇ ಕೆಟ್ಟಿದ್ದು. ಬಸುರೀಲಿ ಸಿಗಡಿ ತಿನ್ಬೇಡ ಅಂತ ಬಡ್ಕೊಂಡೆ. ಯೂನಿವರ್ಸಿಟಿ ಓದಿದೋಳು, ನಕ್ಕುಬಿಟ್ಟೆ. ಸಿಗಡಿ ಎಲ್ಲಾದ್ರೂ ಒಂದು ಕಡೆ ನಿಲ್ಲತ್ತೇನು?"

"ಅಜ್ಜಿ, ನಾನು ಸಿಗಡಿನಾ?" ಲಾರಸ್ ಕಿಟಕಿ ಹತ್ತಿ ಕೂತಿದ್ದಳು.

"ಸಿಗಡಿನೇ. ಇಳಿ ಕೆಳಗೆ."

"ಸಿಗಡಿ ಇಳಿಯಲ್ಲ, ಹಾರತ್ತೆ!"

ಹಾರಿದಳು. ತಟ್ಟೆಯೂ ಜೊತೆಗೇ ಬಂತು.

ಅವಳ ಶಾಲೆಯ ಕಾಗದಪತ್ರ ಕೊಡು ಅಂದರು ಅತ್ತೆ. ಹುಡುಕಲು ಬೀರು ತೆರೆದೆ. ತರ್ಯೊನೊನ ಅಂಗಿಗಳ ಕೆಳಗೆ ಹಸಿರು ರಟ್ಟಿನ ಒಂದು ರಿಜಿಸ್ಟರು ಇತ್ತು. ನಮ್ಮ ಓಣಿಯ ತೂಕದ ಕೇಂದ್ರದ್ದು. ತಿಂಗಳಿಗೊಮ್ಮೆ ಮಕ್ಕಳನ್ನು ತೂಗುವುದು, ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವುದು ಅಲ್ಲೇ. ಬು ರುಮ್ಯಾತಿ, ಅಂದರೆ ರುಮ್ಯಾತಿ ಅಮ್ಮ, ಅದನ್ನು ನೋಡಿಕೊಳ್ಳುತ್ತಾರೆ. ರಟ್ಟಿನ ಮೇಲೆ ನಾನು ಬಸುರಿಯಾಗಿದ್ದ ವರ್ಷ ಬರೆದಿತ್ತು.

ಮಡಚಿದ ಕಾಗದವೊಂದು ಇದ್ದ ಪುಟಕ್ಕೆ ರಿಜಿಸ್ಟರು ತಾನೇ ತೆರೆದುಕೊಂಡಿತು. ನನ್ನ ಹೆಸರಿನ ಸಾಲು. ರಕ್ತದ ಹಿಮೋಗ್ಲೋಬಿನ್ ಪರೀಕ್ಷೆ ಮೂರು ಸಲ: 10.4, 9.9, 9.5, ಇಳಿಯುತ್ತಲೇ ಹೋಗಿತ್ತು. ಅದರ ಮುಂದೆ ಬು ರುಮ್ಯಾತಿಯ ಗುಂಡು ಅಕ್ಷರ: ಮಾತ್ರೆ ತೊಂಬತ್ತು, ಒಂದೂ ತಪ್ಪಿಲ್ಲ, ಗಂಡನೇ ಕೈಯಾರೆ ಕೊಡುತ್ತಾನೆ.

ಕೊಡುತ್ತಿದ್ದ. ಆ ಮಾತ್ರೆಗೆ ತುಕ್ಕಿನ ರುಚಿ, ನೀರಿನಲ್ಲಿ ನುಂಗಿದರೆ ವಾಂತಿಯಾಗುತ್ತಿತ್ತು. ಅವನು ಮಣ್ಣಿನ ಕುಡಿಕೆಯಲ್ಲಿ ಮಲ್ಲಿಗೆ ಚಹಾ ಕಡುವಾಗಿ ಮಾಡಿ, ಕಲ್ಲುಸಕ್ಕರೆ ಹಾಕಿ, ಅದರ ಜೊತೆ ಕೊಡುತ್ತಿದ್ದ. ತೊಂಬತ್ತು ದಿನವೂ.

ಕಾಗದ ಲಾರಸ್‌ಳನ್ನು ತೋರಿಸಿದ ದೊಡ್ಡಾಸ್ಪತ್ರೆಯದು, ರಕ್ತ ಕಡಿಮೆಯಿರುವವರಿಗೆ ಕೊಡುವ ಸೂಚನೆ. ಅಚ್ಚಾಗಿದ್ದ ಒಂದು ಸಾಲಿನಡಿ ತರ್ಯೊನೊ ಗೆರೆ ಎಳೆದಿದ್ದ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು, ಸರಿಯಾಗಿ ಮೈಗೆ ಹತ್ತುವುದಿಲ್ಲ. ಗೆರೆಯ ಮೇಲೆ ಗೆರೆ ಎಳೆದು ಕಾಗದ ಹರಿದಿತ್ತು. ಅಡಿಯಲ್ಲಿ ಡಾಕ್ಟರು ಕೈಯಲ್ಲಿ ಬರೆದಿದ್ದರು: ಬಸಿರಿನಲ್ಲಿ ರಕ್ತ ಕಡಿಮೆಯಿದ್ದದ್ದು ಒಂದು ಕಾರಣವಿರಬಹುದು, ಇಲ್ಲದೆಯೂ ಇರಬಹುದು, ಇದರಿಂದಲೇ ಎಂದು ಹೇಳಲಾಗದು. ಆ ಸಾಲಿಗೆ ಗೆರೆ ಇರಲಿಲ್ಲ.

ಅಳು ಬರಲಿಲ್ಲ. ಅಂಗಿಗಳನ್ನು ಮಡಚಿ ಮತ್ತೆ ಇಟ್ಟೆ.

ರಿಜಿಸ್ಟರು ಹಿಡಿದು ಹೊರಗೆ ಬಂದಾಗ ಅತ್ತೆ ಗಂಟಿನ ಪಕ್ಕ ಕೂತಿದ್ದರು.

"ಏನದು?"

ಅವರಿಗೆ ಓದು ಬರುತ್ತದೆ. ಆ ಪುಟವನ್ನೂ ಕಾಗದವನ್ನೂ ತೋರಿಸಿದ್ದರೆ ಸಿಗಡಿಯ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಗನ ತಪ್ಪನ್ನು ಮಡಿಲಲ್ಲಿಟ್ಟುಕೊಂಡು ಅವರು ಬಸ್ಸು ಹತ್ತಬೇಕಾಗುತ್ತಿತ್ತು.

"ತೂಕದ ಕೇಂದ್ರದ್ದು. ವಾಪಸ್ ಕೊಡ್ಬೇಕು." ಅದನ್ನು ಕಂಕುಳಲ್ಲಿ ಇಟ್ಟುಕೊಂಡೆ. "ಸಿಗಡಿ ತಿಂದಿದ್ದು ನಿಜ, ಮಾಕ್. ನೀವು ಬೇಡ ಅಂದ್ರಿ, ನಾನು ಕೇಳ್ಲಿಲ್ಲ."

ಏಳು ವರ್ಷದಲ್ಲಿ ಒಮ್ಮೆಯೂ ನಾನು ಇದನ್ನು ಒಪ್ಪಿರಲಿಲ್ಲ.

"ತಪ್ಪು ನಂದು ಅಂತಾನೇ ಇಟ್ಕೊಳ್ಳಿ. ನೋಡ್ಕೊಳ್ಳೋದೂ ನಾನೇ. ಲಾರಸ್ ಎಲ್ಲಿಗೂ ಬರಲ್ಲ."

"ಅವಳನ್ನ ಕೂರ್ಸೋಕೆ ಆಗತ್ತೇನೇ ನಿನ್ನ ಕೈಲಿ?"

"ಆಗಲ್ಲ. ಓಡಿದ್ರೆ ಹಿಂದೆ ನಾನೂ ಓಡ್ತೀನಿ."

"ಓಡ್ತಾಳಂತೆ. ನಾನು ಓಡಿಲ್ವಾ? ನಿನ್ನ ಗಂಡ ಏನು ಕಮ್ಮಿ ಇದ್ನಾ? ಹತ್ತು ವರ್ಷ ಆಗೋವರೆಗೂ ಒಂದು ದಿನ ಊಟಕ್ಕೆ ಕೂತವನಲ್ಲ. ತಟ್ಟೆ ಹಿಡ್ಕೊಂಡು ಊರೆಲ್ಲ..."

ಅಲ್ಲಿಗೆ ನಿಲ್ಲಿಸಿದರು.

"ಆಗ ನೀವು ಸಿಗಡಿ ತಿಂದಿದ್ರಾ, ಮಾಕ್?"

"ಮುಟ್ಟಿರ್ಲಿಲ್ಲ," ಅಂದರು ಸಣ್ಣಗೆ.

ಲಾರಸ್ ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದಳು. ಅತ್ತೆ ಗಂಟು ಬಿಚ್ಚಿ ಅವಳ ಲಂಗಗಳನ್ನು ಒಂದೊಂದಾಗಿ ಹೊರಗಿಟ್ಟರು.

"ನಲವತ್ತನೇ ದಿನದ ಪ್ರಾರ್ಥನೆಗೆ ಬರ್ತೀನಿ. ಅಷ್ಟರಲ್ಲಿ ಮಗು ಸೊರಗಿದ್ರೆ ಆಮೇಲಿದೆ ನಿಂಗೆ."

ಅವರನ್ನು ಬಸ್ಸು ಹತ್ತಿಸಿ ತೂಕದ ಕೇಂದ್ರಕ್ಕೆ ನಡೆದೆ. ಲಾರಸ್ ಮುಂದೆ ಓಡುವಳು, ವಾಪಸ್ ಬಂದು ನನ್ನನ್ನು ಮುಟ್ಟುವಳು, ಮತ್ತೆ ಓಡುವಳು.

ಬು ರುಮ್ಯಾತಿ ತಕ್ಕಡಿ ಒರೆಸುತ್ತಿದ್ದರು. "ಬಾ ಹೆಸ್ತಿ. ಓ, ರಿಜಿಸ್ಟರು. 'ಎರಡೇ ದಿನಕ್ಕೆ, ಬು' ಅಂತ ತರ್ಯೊನೊ ಒಯ್ದಿದ್ದ..." ಬಟ್ಟೆ ಕೈಯಲ್ಲೇ ನಿಂತಿತು. "ಏನೋ ಹುಡುಕ್ಬೇಕು ಅಂತಿದ್ದ. ಸಿಕ್ಕಿತ್ತಂತಾ?"

"ಅರ್ಧ ಸಿಕ್ಕಿತ್ತು," ಅಂದೆ.

ಡಾಕ್ಟರ ಸಾಲಿಗೆ ಗೆರೆಯಿಲ್ಲದ ಆ ಮಡಚಿದ ಕಾಗದವನ್ನು ತೆಗೆದು ಚೀಲಕ್ಕೆ ಹಾಕಿಕೊಂಡೆ. ರಿಜಿಸ್ಟರನ್ನು ಎರಡೂ ಕೈಯಲ್ಲಿ ಕೊಟ್ಟೆ.