ಸೊಲ್ಲಾಪುರಕ್ಕೆ ಹೋದವನು

"ಮುಷ್ಟಿ ಬಿಡು ಬೇ ಸಾಬವ್ವ. ಹಿಂಗ ಬಿಗಿ ಹಿಡದ್ರ ಬಳಿ ಏರತಾವೇನು?"

ಬಳೆಗಾರ್ತಿ ಬಾನುಬಿ ಕೈ ಜಗ್ಗಿದಳು. ಸಾಬಮ್ಮ ಬೆರಳು ಬಿಚ್ಚಲಿಲ್ಲ. ಮಣಿಕಟ್ಟಿನ ಮೇಲೆ ಗಾಜು ಗೀರಿದ ಗಾಯ ಇನ್ನೂ ಒಣಗಿರಲಿಲ್ಲ. ಮೂರು ದಿನದ ಹಿಂದೆ, ಗಂಡ ಸೈದಪ್ಪನನ್ನು ರಜಾಕಾರರು ಹಳ್ಳದ ದಂಡೆಯಲ್ಲಿ ಕಡಿದು ಕೆಡವಿದಾಗ, ಹೊಸ್ತಿಲಿಗೆ ಕೈ ಬಡಿದು ಬಳೆ ಒಡೆದುಕೊಂಡಿದ್ದಳು. ಊರೆಲ್ಲ ತುಟಿ ಹೊಲಿದುಕೊಂಡು ಸರ್ಕಾರಕ್ಕೆ ಕಡ್ಡಾಯದ ಲೆವಿ ಜೋಳ ಅಳೆದು ಕೊಟ್ಟಾಗ, ಕೊಡುವುದಿಲ್ಲವೆಂದು ನಿಂತವನು ಅವನೊಬ್ಬನೇ. ಅದಕ್ಕೆ ಊರು ತೋರಿದ ಮರ್ಯಾದೆಯೆಂದರೆ, ಹೆಣವನ್ನು ಅವನದೇ ಹೊಲದಲ್ಲಿ ಹೂತು, ಗುರುತು ಸಿಗದಂತೆ ಮೇಲೆ ಕಡಲೆ ಬಿತ್ತಿದ್ದು.

ಕಟ್ಟೆಯ ಮೇಲೆ ಕೂತಿದ್ದ ದೇವಿಂದ್ರಪ್ಪ ಗೌಡ ಆಕೆಯ ಮುಖ ನೋಡದೆ ಹೇಳಿದ: "ಕೊಲಿ ಆಗೇದಂತ ಸುದ್ದಿ ಮುಟ್ಟೇದ, ಪೊಲೀಸ ಅಮೀನ ಬರಾಕತ್ತಾನ. ನಮ್ಮೂರಾಗ ಯಾರೂ ಸತ್ತಿಲ್ಲ ಅಂತ ಬರಸ್ತೀವಿ. ಸೈದ ಹಿರೋಳ್ಳಿ ಗಡಿ ದಾಟಿ ಸೊಲ್ಲಾಪುರದ ಗಿರಣಿಗಿ ಹೋಗ್ಯಾನ. ನೀ ಬೋಳುಗೈಲೆ ನಿಂತ್ರ ಸುಳ್ಳು ಹೊರಬೀಳತದ, ನಮ್ಮ ಮ್ಯಾಲ ಫಿರ್ಯಾದಿ ಕೊಟ್ರಿ ಅಂತ ಆ ರಜಾಕಾರ ಮಂದಿ ಬೆಂಕಿ ಹಿಡಕೊಂಡು ಬರ್ತಾರ. ನೂರು ಮನಿ ಉಳೀಬೇಕಲ್ಲವ್ವ."

"ಆ ನೂರರಾಗ ನಮ್ಮನಿ ಇಲ್ಲೇನ್ರಿ ಗೌಡ್ರ?"

ಗೌಡ ರುಮಾಲು ಸರಿಪಡಿಸಿಕೊಂಡ. ನೆರೆಮನೆಯ ಮುದುಕಿ ಬಾಳಮ್ಮ ಬಾಯಿ ಹಾಕಿದಳು: "ಜಗಳಾಡಿದಾಗೆಲ್ಲ ನೀನ ಅಂತಿದ್ದಿ, ಸೊಲ್ಲಾಪುರಕ್ಕರೆ ಹಾಳಾಗಿ ಹೋಗು ಅಂತ. ಹೋದ ಅಂತ ತಿಳಕೋ."

ಯಾರೋ ಕಿಸಕ್ಕನೆ ನಕ್ಕು ಬಾಯಿಗೆ ಸೆರಗು ಒತ್ತಿಕೊಂಡರು.

"ಅಂವ ಸತ್ತಾನ," ಎಂದಳು ಸಾಬಮ್ಮ. "ನಾ ಅಳಬೇಕು. ಮತ್ತೇನೂ ಬ್ಯಾಡ."

ಬಾನುಬಿ ಬಗ್ಗಿ ಆಕೆಯ ಕಿವಿಯಲ್ಲಿ ಉಸುರಿದಳು: "ಸೈದಣ್ಣನ ಹೆಣ ಹೊತ್ತಂವ ನನ್ನ ಮಗ ರಸೂಲ. ಗೊತ್ತಾದ್ರ ಅವನ್ನ ಮೊದಲು ಕಡೀತಾರ. ನಮ್ಮಂವಾಗಿ ಹೆಂಗ ಹೊತ್ತಿ ಅಂತಾರವ್ವ."

ಮುಷ್ಟಿ ಸಡಿಲಾಯಿತು. ಹಸಿರು ಬಳೆಗಳು ಗಾಯ ಸವರುತ್ತ ಒಂದೊಂದಾಗಿ ಏರಿದವು. ಬಳೆಯ ಬೆಲೆಯೆಂದು ಮೊರದಲ್ಲಿ ತಂದಿಟ್ಟ ಜೋಳವನ್ನು ಬಾನುಬಿ ಮುಟ್ಟಲಿಲ್ಲ.

ಅಮೀನ ಕುದುರೆ ಇಳಿಯಲೂ ಇಲ್ಲ.

"ಗಂಡ ಎಲ್ಲಿ?"

"ಸೊಲ್ಲಾಪುರಕ್ಕ ಹೋಗ್ಯಾನ್ರಿ."

ಅವನು ಬಳೆ ನೋಡಿದ. ಜವಾನ ಕಾಗದದ ಮೇಲೆ ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡ.

ಸಂಜೆ ಓಣಿಯ ಬಾಗಿಲುಗಳೆಲ್ಲ ಮುಚ್ಚಿಯೇ ಇದ್ದವು. ಸಾಬಮ್ಮ ಒಲೆ ಹೊತ್ತಿಸಿ ರೊಟ್ಟಿ ಬಡಿಯತೊಡಗಿದಳು. ಪ್ರತಿ ಬಡಿತಕ್ಕೂ ಬಳೆ ಗಲ್ಲೆಂದವು. ಆ ಸದ್ದು ಕೇಳಿ ಬಾಳಮ್ಮನ ಮನೆಯ ಅಗಳಿ ಸರಿಯಿತು. ಆಮೇಲೆ ಗೌಡರದು. ಆಮೇಲೆ ಒಂದೊಂದಾಗಿ ಇಡೀ ಓಣಿ ಬಾಗಿಲು ತೆರೆದು, ದೀಪ ಹಚ್ಚಿಕೊಂಡಿತು.